ಸಿನಿಮಾ ನೋಡದೆ ಎರಡು ಸಾಲು ಬರೆಯಬಹುದೇ?

ಪ್ರಶ್ನೆ: ನಾನು ಧಾರವಾಡದವಳು, ವಯಸ್ಸು 26. ಪತ್ರಿಕೋದ್ಯಮ ಓದಿದ್ದೇನೆ. ಒಟಿಟಿಯಲ್ಲಿ ಸಿನಿಮಾದ ಹೆಸರಿನ ಕೆಳಗೆ ಎರಡು-ಮೂರು ಸಾಲಿನ ವಿವರಣೆ ಇರುತ್ತದಲ್ಲ, ಎಂಟು ತಿಂಗಳಿಂದ ಮನೆಯಲ್ಲೇ ಕೂತು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಾರಕ್ಕೆ 40 ಸಿನಿಮಾ. ಒಂದು ಸಿನಿಮಾಕ್ಕೆ ಇಷ್ಟು ಅಂತ ದುಡ್ಡು. ಜೊತೆಗೆ ಇಂಗ್ಲಿಷಿನ ನಾಲ್ಕು ಸಾಲು ಕಳಿಸುತ್ತಾರೆ, ಕೆಲವಕ್ಕೆ ಅದೂ ಇರುವುದಿಲ್ಲ. ಆಗ ನೆಟ್‌ನಲ್ಲಿ ಹುಡುಕುತ್ತೇನೆ, ಇಲ್ಲವೇ ಎಐ ಕೇಳುತ್ತೇನೆ. ಹೋದ ತಿಂಗಳು ಎರಡು ಎಡವಟ್ಟಾಯಿತು. ಒಂದು ಹಳೇ ಸಿನಿಮಾದಲ್ಲಿ ನಾಯಕಿ ಸಾಯುತ್ತಾಳೆ ಎಂದು ಬರೆದುಬಿಟ್ಟೆ. ಇನ್ನೊಂದರಲ್ಲಿ ನಾಯಕ ‘ಸೋದರ ಸಂಬಂಧಿ’ಯನ್ನು ಪ್ರೀತಿಸುತ್ತಾನೆ ಎಂದು ಬರೆದೆ. ನೋಡುಗರೊಬ್ಬರು ‘ತಂಗಿಯನ್ನೇ ಮದುವೆ ಮಾಡಿಸ್ತೀರಾ?’ ಎಂದು ಕೇಳಿದರು. ಅವಳು ಅತ್ತೆ ಮಗಳಂತೆ. ನಮ್ಮ ಮೇಲಿನವರು ಮಾತ್ರ ‘ಇವೆಲ್ಲ ಬಿಡಿ, ಜನರನ್ನು ಎಳೆಯೋ ಹಾಗೆ ಬರೀರಿ, ಸಾಕು’ ಅನ್ನುತ್ತಾರೆ. ಪ್ರತಿ ಸಿನಿಮಾವನ್ನೂ ಪೂರ್ತಿ ನೋಡಲೇಬೇಕಾ? ಐವತ್ತು ವರ್ಷದ ಹಿಂದಿನ ಸಿನಿಮಾದ ಕೊನೆ ಹೇಳಿದರೂ ತಪ್ಪಾ? ಎಐ ಬಳಸಬಾರದಾ?

ಉತ್ತರ: ಮೊದಲು ನಿಮ್ಮ ಲೆಕ್ಕ ನೋಡೋಣ. ಒಂದು ಕನ್ನಡ ಸಿನಿಮಾ ಸುಮಾರು ಎರಡೂವರೆ ಗಂಟೆ. ನಲವತ್ತಕ್ಕೆ ನೂರು ಗಂಟೆ. ವಾರದ ಏಳೂ ದಿನ, ದಿನಕ್ಕೆ ಹದಿನಾಲ್ಕು ಗಂಟೆ ಬರೀ ನೋಡಬೇಕು, ಬರೆಯುವುದು ಬೇರೆ. ಅಂದರೆ ನಿಮಗೆ ಕೆಲಸ ಕೊಟ್ಟವರು ನೀವು ಸಿನಿಮಾ ನೋಡುವುದಿಲ್ಲ ಎಂದು ಮೊದಲೇ ಅಂದುಕೊಂಡೇ ಕೊಟ್ಟಿದ್ದಾರೆ. ಇದನ್ನು ಯಾಕೆ ಹೇಳಿದೆನೆಂದರೆ, ನಿಮ್ಮ ಪತ್ರದಲ್ಲಿ ತಪ್ಪೆಲ್ಲ ತನ್ನದೇ ಎಂಬ ಧಾಟಿ ಇದೆ. ಅರ್ಧ ಮಾತ್ರ ನಿಮ್ಮದು.

ನಾನೂ ಇದೇ ಕೆಲಸದಿಂದ ಶುರು ಮಾಡಿದವನು. ಆಗ ಒಂದು ವಾರಕ್ಕೆ ಮೂವತ್ತು ಬರೆದದ್ದಿದೆ, ಎಲ್ಲವನ್ನೂ ನಿರ್ಮಾಪಕರ ಕಡೆಯ ಹಾಳೆ ನೋಡಿಕೊಂಡು. ಅದರಲ್ಲಿ ಒಂದಕ್ಕೆ ‘ಮನೆಮಂದಿಯೆಲ್ಲ ಕೂತು ನಗಬಹುದಾದ ಚಿತ್ರ’ ಎಂದು ಬರೆದೆ. ಆ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಟಿವಿಯಲ್ಲಿ ಅದನ್ನೇ ಹಾಕಿದರು. ಕೆಳಗಿನ ಸಾಲು ಓದಿಯೇ ಹಾಕಿದ್ದು. ಪಕ್ಕದಲ್ಲಿ ಚಿಕ್ಕಮ್ಮ ಕೂತಿದ್ದರು, ಚಿಕ್ಕಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತಷ್ಟೇ. ಸಿನಿಮಾದ ಮೊದಲರ್ಧ ನಗು ನಿಜ. ಇಂಟರ್ವಲ್ ಆದಮೇಲೆ ಒಬ್ಬ ನೇಣು ಹಾಕಿಕೊಳ್ಳುತ್ತಾನೆ, ಕ್ಯಾಮೆರಾ ಅಲ್ಲೇ ನಿಲ್ಲುತ್ತದೆ. ಚಿಕ್ಕಮ್ಮ ಎದ್ದು ಅಡುಗೆಮನೆಗೆ ಹೋದರು. ‘ಯಾವನೋ ನೋಡ್ದೇನೇ ಬರ್ದಿದ್ದಾನೆ’ ಅಂದರು ಅಪ್ಪ. ಆ ಯಾವನೋ ನಾನೇ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ಈ ಎರಡು ಸಾಲನ್ನು ನಾನು ನೋಡುವ ರೀತಿ ಬದಲಾಯಿತು. ಜನ ಇದನ್ನು ಕಥೆಯ ಸಾರಾಂಶ ಅಂದುಕೊಳ್ಳುತ್ತಾರೆ. ನಿಮ್ಮ ಮೇಲಿನವರು ಜಾಹೀರಾತು ಅಂದುಕೊಂಡಿದ್ದಾರೆ. ರಾತ್ರಿ ಊಟವಾದ ಮೇಲೆ ರಿಮೋಟ್ ಹಿಡಿದು ಕೂತವರು ಕೇಳುವುದು ಒಂದೇ: ‘ಇದನ್ನು ಹಾಕಿದರೆ ನಾವು ಯಾರ ಜೊತೆ, ಎಲ್ಲಿ, ಎಂಥ ಮನಸ್ಥಿತಿಯಲ್ಲಿ ಎರಡೂವರೆ ಗಂಟೆ ಕೂತಿರುತ್ತೇವೆ?’ ಅಷ್ಟಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ಆಯಿತು. ಕಥೆ ಹೇಳುವುದು ಸಿನಿಮಾದ ಕೆಲಸ.

ಇದು ನಮಗೆ ಹೊಸದೂ ಅಲ್ಲ. ಹಿಂದೆ ಟಾಕೀಸಿನ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು, ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ಹಾಡುಗಳ ಮುಂಚೆ ‘ಕಥಾಸಾರ’ ಅಂತ ಒಂದು ಪುಟ. ನಾಯಕ ಯಾರು, ನಾಯಕಿ ಯಾರು, ಕಷ್ಟ ಎಲ್ಲಿಂದ ಬಂತು ಎಂದೆಲ್ಲ ಹೇಳಿ, ಗಂಟು ಬಿಗಿಯಾಗುವ ಹೊತ್ತಿಗೆ ‘ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಎಂದು ನಿಲ್ಲಿಸುತ್ತಿದ್ದರು. ಆ ಸಾಲನ್ನು ನಾವು ಎಷ್ಟು ಗೇಲಿ ಮಾಡಿದರೂ, ಬರೆದವನಿಗೆ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿತ್ತು.

ಎಲ್ಲಿ ನಿಲ್ಲಬೇಕು? ನಮ್ಮ ಸಿನಿಮಾಗಳಲ್ಲಿ ಇದಕ್ಕೆ ಒಂದು ಅನುಕೂಲ ಇದೆ, ಇಂಟರ್ವಲ್. ಕಥೆ ಬರೆಯುವವರು ‘ಇಂಟರ್ವಲ್ ಬ್ಲಾಕ್’ ಎಂದೇ ಅದನ್ನು ಕಟ್ಟುತ್ತಾರೆ. ಅಲ್ಲಿಗೆ ಬರುವ ತಿರುವನ್ನು ಮುಟ್ಟಬಾರದು, ಅದರಾಚೆ ಏನನ್ನೂ ಹೇಳಬಾರದು. ನಾನು ಇನ್ನೂ ಸ್ವಲ್ಪ ಮುಂಚೆಯೇ ನಿಲ್ಲುತ್ತೇನೆ, ಮುಖ್ಯ ಪಾತ್ರಕ್ಕೆ ‘ಇನ್ನು ಸುಮ್ನೆ ಮನೆಗೆ ಹೋಗೋಕಾಗಲ್ಲ’ ಎನ್ನುವ ಸ್ಥಿತಿ ಬಂದಲ್ಲಿ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ತೆಗೆದುಕೊಳ್ಳಿ. ಮರೆವಿನ ಕಾಯಿಲೆಯ ಅಪ್ಪ ಕಾಣೆಯಾಗುತ್ತಾನೆ, ಮಗ ಹುಡುಕಲು ಹೊರಡುತ್ತಾನೆ. ನಿಲ್ಲುವುದು ಅಲ್ಲೇ. ಕಾಣೆಯಾದವರ ಪ್ರಕಟಣೆಯ ಮಾತನ್ನೇ ಹೆಸರಾಗಿಟ್ಟಿರುವುದರಿಂದ ಆ ಸಿನಿಮಾದ ಶೀರ್ಷಿಕೆಯೇ ಅರ್ಧ ವಿವರಣೆ. ಹಾಗಿರುವಾಗ ‘ಅಪ್ಪ-ಮಗನ ಬಾಂಧವ್ಯದ ಮನಮಿಡಿಯುವ ಪಯಣ’ ಎಂದೆಲ್ಲ ಮೇಲೆ ಸುರಿಯುವುದು ದಂಡ.

ಐವತ್ತು ವರ್ಷದ ಪ್ರಶ್ನೆಗೆ ಬರೋಣ. ಹಳೆಯ ಸಿನಿಮಾದ ಕೊನೆ ಎಲ್ಲರಿಗೂ ಗೊತ್ತು ಎನ್ನುವುದು ನಮ್ಮ ಭ್ರಮೆ. ‘ಬಂಗಾರದ ಮನುಷ್ಯ’ ಬಂದದ್ದು 1972ರಲ್ಲಿ. ಅದರ ಕೊನೆ ನಮ್ಮ ಮನೆಗಳಲ್ಲಿ ಮಾತಿಗೆ ಬಂದಷ್ಟು ಬೇರೆ ಯಾವುದರದ್ದೂ ಬಂದಿರಲಿಕ್ಕಿಲ್ಲ. ಆದರೂ ಒಟಿಟಿಯಲ್ಲಿ ಅದನ್ನು ತೆರೆಯುವವರು ಯಾರು? ಒಂದು, ಹತ್ತು ಸಲ ನೋಡಿದವರು. ಅವರಿಗೆ ನಿಮ್ಮ ಸಾಲೇ ಬೇಡ. ಇನ್ನೊಂದು, ಅಮೆರಿಕದಲ್ಲೋ ದುಬೈನಲ್ಲೋ ಬೆಳೆದ ಹುಡುಗ, ಅಜ್ಜ ಹೇಳಿದರು ಅಂತ ಮೊದಲ ಸಲ ಹಾಕುತ್ತಿರುವವನು. ಓದುವವನು ಇವನು. ಇವನಿಗೆ ಅದು ಇವತ್ತೇ ಬಿಡುಗಡೆಯಾದ ಸಿನಿಮಾ. ‘ಅಕ್ಕನನ್ನು ನೋಡಲು ಹಳ್ಳಿಗೆ ಬಂದ ರಾಜೀವ, ಭಾವ ತೀರಿಕೊಂಡಾಗ ಆ ಸಂಸಾರದ ಹೊಣೆ ಹೊತ್ತು ಬೇಸಾಯಕ್ಕೆ ಇಳಿಯುತ್ತಾನೆ’ ಅಂದರೆ ಸಾಕು. ಕೊನೆ ಏನು ಎಂದು ನಾನು ಇಲ್ಲೂ ಬರೆಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಭಾವನ ಸಾವೂ ಸಾವೇ ಅಲ್ವಾ, ಅದನ್ನು ಹೇಳಬಹುದಾ? ಹೇಳಬಹುದು. ಕಥೆ ಹೊರಡುವುದೇ ಅಲ್ಲಿಂದ. ಕಥೆಯನ್ನು ಹೊರಡಿಸುವ ಸಾವು ಬೇರೆ, ಮುಗಿಸುವ ಸಾವು ಬೇರೆ. ನೀವು ಬರೆದ ನಾಯಕಿಯ ಸಾವು ಎರಡನೆಯದು.

ಕೆಲವೊಮ್ಮೆ ಶೀರ್ಷಿಕೆಯೇ ಮುಂದಿನದನ್ನು ಹೇಳಿಬಿಡುತ್ತದೆ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಅರ್ಥ ಗೊತ್ತಿದ್ದವರಿಗೆ ಕಥೆ ಎತ್ತ ಹೊರಟಿದೆ ಎಂಬ ಸುಳಿವು ಹೆಸರಿನಲ್ಲೇ ಇದೆ. ಗೊತ್ತಿಲ್ಲದವರಿಗೆ ಇಲ್ಲ. ವಿವರಣೆಯಲ್ಲಿ ಆ ಪದದ ಅರ್ಥ ಬಿಡಿಸಲು ಹೋಗಬೇಡಿ. ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ, ಅಲ್ಲಿ ಅವನನ್ನು ಅಕ್ಕರೆಯಿಂದ ಕಾಣುವ ಎಳೆಯ ವಿಧವೆ ಯಮುನಾ, ಅವಳ ಮೇಲೆ ಅಗ್ರಹಾರದ ಕಣ್ಣು. ಇಷ್ಟು ಹೇಳಿ ಬಿಟ್ಟುಬಿಡಿ.

ಇನ್ನು ‘ಎಳೆಯೋ ಹಾಗೆ’ ಬರೆಯುವುದು. ಮೇಲಿನವರ ಆಸೆ ತಪ್ಪಲ್ಲ, ದಾರಿ ತಪ್ಪು. ಕೆಳಗಿನದನ್ನು ಓದಿ, ನಾನೇ ಕಟ್ಟಿದ್ದು:

‘ತಲೆಮಾರುಗಳ ನಡುವಿನ ಸಂಘರ್ಷ, ಪ್ರೀತಿ, ದುರಾಸೆ ಹಾಗೂ ಬದುಕಿನ ಸತ್ಯಗಳನ್ನು ಮನಮುಟ್ಟುವಂತೆ ಕಟ್ಟಿಕೊಡುವ, ಅನಿರೀಕ್ಷಿತ ತಿರುವುಗಳ ರೋಚಕ ಕೌಟುಂಬಿಕ ಚಿತ್ರ.’

ಯಾವ ಸಿನಿಮಾ ಹೇಳಿ? ಹೇಳಲಾಗದು. ಇನ್ನೂರು ಸಿನಿಮಾಕ್ಕೆ ಇದನ್ನು ಅಂಟಿಸಬಹುದು. ಈಗ ಇದನ್ನು ಓದಿ:

‘ಮಂಡ್ಯ ಕಡೆಯ ಒಂದು ಹಳ್ಳಿ. ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಂಡಿದ್ದಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಮೊಮ್ಮಗನಿಗೆ ಜಮೀನು ಮಾರಬೇಕು, ಮರಿಮಗನಿಗೆ ಕುರಿ ಕಾಯುವ ಹುಡುಗಿ ಬೇಕು, ಮಗ ಗಡ್ಡಪ್ಪನಿಗೆ ಯಾವುದೂ ಬೇಡ.’

ರಾಮ್ ರೆಡ್ಡಿಯವರ ‘ತಿಥಿ’. ಎರಡೂ ಅದೇ ಸಿನಿಮಾದ ಬಗ್ಗೆ. ಮೊದಲನೆಯದು ಭಾರವಾದ ಸಂಸಾರದ ಗೋಳು ಎಂಬ ಭಾವನೆ ಕೊಡುತ್ತದೆ, ಆದರೆ ಸಿನಿಮಾ ಉದ್ದಕ್ಕೂ ಒಳಗೊಳಗೇ ನಗಿಸುತ್ತದೆ. ಎರಡನೆಯದರಲ್ಲಿ ‘ಹಾಸ್ಯ’ ಎಂಬ ಪದವೇ ಇಲ್ಲ. ಆದರೂ ಕೊನೆಯ ‘ಯಾವುದೂ ಬೇಡ’ ಓದುವಾಗ ತುಟಿಯಂಚಿನಲ್ಲಿ ಸಣ್ಣ ನಗು ಬರುತ್ತದೆ. ಧಾಟಿ ಹೀಗೆ ಬರಬೇಕು, ವಿಶೇಷಣ ಅಂಟಿಸಿ ಅಲ್ಲ. ‘ರೋಚಕ’, ‘ಮನಮುಟ್ಟುವ’, ‘ನವಿರಾದ’ ಇವನ್ನು ನಾನು ಹತ್ತು ವರ್ಷದಿಂದ ಮುಟ್ಟಿಲ್ಲ. ‘ಅನಿರೀಕ್ಷಿತ ತಿರುವು’ ಅಂತೂ ಇನ್ನೂ ಕೆಟ್ಟದ್ದು. ತಿರುವು ಇದೆ ಎಂದು ಹೇಳಿದ ಮೇಲೆ ಅದು ಅನಿರೀಕ್ಷಿತ ಹೇಗಾದೀತು? ನೋಡುವವರು ಮೊದಲ ದೃಶ್ಯದಿಂದಲೇ ಅದನ್ನು ಕಾಯುತ್ತಾ ಕೂರುತ್ತಾರೆ.

ಇದೇ ತಪ್ಪು ಸಿನಿಮಾದ ‘ಬಗೆ’ ಬರೆಯುವ ಚೌಕದಲ್ಲೂ ಆಗುತ್ತದೆ. ಕೊಲೆ ಮನುಷ್ಯ ಮಾಡಿದ್ದೋ ದೆವ್ವ ಮಾಡಿದ್ದೋ ಎಂಬುದೇ ಪ್ರಶ್ನೆಯಾಗಿರುವ ಸಿನಿಮಾಕ್ಕೆ ‘ಹಾರರ್’ ಎಂದು ಹಚ್ಚಿದರೆ ಉತ್ತರ ಕೊಟ್ಟ ಹಾಗಾಯಿತು. ಅಂಥ ಕಡೆ ‘ಥ್ರಿಲ್ಲರ್’ ಎಂದಷ್ಟೇ ಹಾಕಿಸಿ.

ಮೇಲಿನವರಿಗೆ ಹೇಳಲು ಒಂದು ಮಾತು ಇದೆ. ಎಷ್ಟು ಜನ ಸಿನಿಮಾ ಶುರು ಮಾಡಿದರು ಎಂಬ ಲೆಕ್ಕ ಅವರ ಹತ್ತಿರ ಇರುತ್ತದೆ. ಹತ್ತೇ ನಿಮಿಷಕ್ಕೆ ಎಷ್ಟು ಜನ ಬಿಟ್ಟರು ಎಂಬ ಲೆಕ್ಕವೂ ಇರುತ್ತದೆ. ಎರಡನೆಯದನ್ನು ಕೇಳಿ. ಸಿಟ್ಟಿನಿಂದ ಕೇಳಬೇಡಿ, ಸಹಜವಾಗಿ ಕೇಳಿ. ನನ್ನ ಅನುಭವದಲ್ಲಿ ಈ ಪ್ರಶ್ನೆ ಬಂದ ಮೇಲೆ ಮೀಟಿಂಗಿನ ಧಾಟಿ ಸ್ವಲ್ಪ ಬದಲಾಗುತ್ತದೆ.

ಈಗ ನಿಮ್ಮ ‘ಸೋದರ ಸಂಬಂಧಿ’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಕನ್ನಡದ ವಿವರಣೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಕನ್ನಡದಲ್ಲಿ ತೆಗೆದ ಸಿನಿಮಾ. ಅದರ ಬಗ್ಗೆ ಯಾರೋ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಅದನ್ನು ನೀವು ಮತ್ತೆ ಕನ್ನಡಕ್ಕೆ ತರುತ್ತೀರಿ. ಹೋಗಿ ಬರುವ ದಾರಿಯಲ್ಲಿ ಸಂಬಂಧಗಳೆಲ್ಲ ಸವೆದಿರುತ್ತವೆ. ಇಂಗ್ಲಿಷಿನ ‘ಕಸಿನ್’ನಲ್ಲಿ ಅತ್ತೆ ಮಗಳೂ ಇದ್ದಾಳೆ, ಚಿಕ್ಕಪ್ಪನ ಮಗಳೂ ಇದ್ದಾಳೆ. ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬಳನ್ನು ಮದುವೆಯಾಗಬಹುದು, ಇನ್ನೊಬ್ಬಳು ರಾಖಿ ಕಟ್ಟುವ ತಂಗಿ. ‘ಅಂಕಲ್’ ಅಂದರೆ ದೊಡ್ಡಪ್ಪನೋ, ಸೋದರಮಾವನೋ? ಆಸ್ತಿ ಜಗಳದ ಸಿನಿಮಾದಲ್ಲಿ ಇದೊಂದು ಪದದ ಮೇಲೆ ಇಡೀ ಕಥೆ ನಿಂತಿರುತ್ತದೆ. ‘ಸಿಸ್ಟರ್ ಇನ್ ಲಾ’ ಅತ್ತಿಗೆಯೂ ಹೌದು, ನಾದಿನಿಯೂ ಹೌದು, ಓರಗಿತ್ತಿಯೂ ಹೌದು. ಮೂವರೂ ಒಂದೇ ಅಡುಗೆಮನೆಯಲ್ಲಿ ನಿಂತರೆ ಯಾರ ಮಾತು ಮೇಲು ಎಂಬುದು ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ.

ಹೆಸರುಗಳದ್ದೂ ಇದೇ ಪಾಡು. ಇಂಗ್ಲಿಷ್ ಅಕ್ಷರಕ್ಕೆ ಹೋದರೆ ಡ ಮತ್ತು ದ, ಟ ಮತ್ತು ತ, ಳ ಮತ್ತು ಲ ಎಲ್ಲ ಒಂದೇ ಆಗಿಬಿಡುತ್ತವೆ. ವಾಪಸು ಬರುವಾಗ ‘ಗಡ್ಡಪ್ಪ’ ‘ಗದ್ದಪ್ಪ’ ಆಗಿ ಬರಬಹುದು. ಗಡ್ಡ ಹೋಗಿ ಗದ್ದ ಬಂತು! ಹಿಂದಿಗೆ ಡಬ್ ಆದ ಸಿನಿಮಾಗಳಲ್ಲಿ ಪಾತ್ರದ ಹೆಸರೇ ಬದಲಾಗಿರುವುದುಂಟು. ನಿಮಗೆ ಬಂದ ಇಂಗ್ಲಿಷ್ ಸಾಲು ಡಬ್ ಆದ ಪ್ರತಿಯನ್ನು ನೋಡಿ ಬರೆದದ್ದಾದರೆ, ಕನ್ನಡದಲ್ಲಿ ಇಲ್ಲದ ಮನುಷ್ಯನನ್ನು ನೀವು ನಾಯಕ ಮಾಡಿಬಿಡುತ್ತೀರಿ. ಆದ್ದರಿಂದ ಸಂಬಂಧ ಮತ್ತು ಹೆಸರು ಎರಡನ್ನೂ ಕಿವಿಯಿಂದಲೇ ತೆಗೆದುಕೊಳ್ಳಿ. ಸಿನಿಮಾದಲ್ಲಿ ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೆ ಕೇಳಿ, ಅದನ್ನೇ ಬರೆಯಿರಿ. ಗೌರವವೂ ಅಲ್ಲಿಂದಲೇ. ಊರೆಲ್ಲ ‘ಮೇಷ್ಟ್ರು’ ಎನ್ನುವವರನ್ನು ನೀವು ‘ಶಿಕ್ಷಕನು’ ಎಂದು ಬರೆದರೆ ಓದುವವರಿಗೆ ಕಸಿವಿಸಿಯಾಗುತ್ತದೆ.

ವಾಕ್ಯದ ಕಟ್ಟು ಇನ್ನೊಂದು. ಇಂಗ್ಲಿಷಿನ ಮಾದರಿಯನ್ನು ಹಾಗೇ ತಂದರೆ ‘ತನ್ನ ತಂದೆಯ ಸಾವಿನ ಸೇಡು ತೀರಿಸಿಕೊಳ್ಳಲು ನಗರಕ್ಕೆ ಬರುವ, ಆದರೆ ಅಲ್ಲಿ ಪ್ರೀತಿಯಲ್ಲಿ ಬೀಳುವ ಯುವಕನೊಬ್ಬ’ ಎಂದು ಆಗುತ್ತದೆ. ಎಂಟು ಹತ್ತು ಪದ ದಾಟಿದರೂ ಮನುಷ್ಯ ಯಾರು ಎಂದು ಗೊತ್ತಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮೊಬೈಲಿನಲ್ಲಿ ಎರಡನೇ ಸಾಲಿಗೆ ಮೂರು ಚುಕ್ಕಿ ಬಿದ್ದು ಉಳಿದದ್ದು ಮುಚ್ಚಿಹೋಗುತ್ತದೆ. ಅಂದರೆ ಕ್ರಿಯಾಪದವೇ ಮುಚ್ಚಿಹೋಯಿತು. ಆ ಯುವಕ ಏನು ಮಾಡಿದ ಎಂಬುದು ಕಾಣುವುದೇ ಇಲ್ಲ. ಮೊದಲ ವಾಕ್ಯವನ್ನು ಐದಾರು ಪದಕ್ಕೆ ಮುಗಿಸಿ. ಮುಂದಿನದು ಕತ್ತರಿಸಿ ಹೋದರೂ ಕೈಗೆ ಏನೋ ಒಂದು ಉಳಿದಿರುತ್ತದೆ.

ಅಕ್ಷರದ ಮಿತಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಕಾಡುತ್ತದೆ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ಸೇರಿ ಕಟ್ಟಿದ ಮೂವೀಲ್ಯಾಬ್ಸ್ ಎಂಬ ಸಂಸ್ಥೆಯ ಮಾದರಿಯಲ್ಲಿ ವಿವರಣೆಗೆ ಮೂರು ಅಳತೆ ಇವೆ: 190, 400 ಮತ್ತು 4000 ಅಕ್ಷರ. ಕೆಲವರು ಅದನ್ನೇ ಪಾಲಿಸುತ್ತಾರೆ, ಕೆಲವರು ತಮ್ಮದೇ ಅಳತೆ ಇಟ್ಟುಕೊಂಡಿರುತ್ತಾರೆ. ಗಮನಿಸಬೇಕಾದದ್ದು ‘ಅಕ್ಷರ’ ಅಂದರೆ ಏನು ಎಂಬುದು. ‘ಸ್ತ್ರೀ’ ನಮಗೆ ಒಂದು ಅಕ್ಷರ. ಕಂಪ್ಯೂಟರಿಗೆ ಆರು: ಸ, ಒತ್ತಕ್ಷರ ಕೂಡಿಸುವ ಒಂದು ಗುರುತು (್), ತ, ಮತ್ತೊಮ್ಮೆ ಅದೇ ಗುರುತು, ರ, ಮತ್ತೆ ಈಕಾರ. ‘ಕನ್ನಡ’ ನಮಗೆ ಮೂರು, ಅದಕ್ಕೆ ಐದು. ಇನ್ನು ಬೈಟ್ ಲೆಕ್ಕದಲ್ಲಿ ಎಣಿಸುವ ವ್ಯವಸ್ಥೆಯಾದರೆ ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಒಂದು ಪದ್ಧತಿ) ಈ ಒಂದೊಂದು ಚಿಹ್ನೆಗೂ ಮೂರು ಬೈಟ್. ಇಂಗ್ಲಿಷಿಗೆ ಇಟ್ಟ ಅದೇ ಮಿತಿಯಲ್ಲಿ ಕನ್ನಡದವರಿಗೆ ಸಿಗುವ ಜಾಗ ಕಡಿಮೆ. ಸಂಸ್ಕೃತದ ಒತ್ತಕ್ಷರದ ಪದ ತುಂಬಿದಷ್ಟೂ ಜಾಗ ಬೇಗ ಖಾಲಿ. ‘ಸ್ವರ್ಗಸ್ಥರಾಗುತ್ತಾರೆ’ಗಿಂತ ‘ತೀರಿಕೊಳ್ಳುತ್ತಾರೆ’ ಒಳ್ಳೆಯ ಕನ್ನಡವೂ ಹೌದು, ಅಗ್ಗವೂ ಹೌದು. ಮೇಲಿನ ‘ತಿಥಿ’ ಸಾಲುಗಳನ್ನು ಕಂಪ್ಯೂಟರ್ ಎಣಿಕೆಯಲ್ಲೇ ನೋಡಿದೆ, 190ರ ಒಳಗೇ ಇವೆ.

ಈಗ ಮುಖ್ಯ ಪ್ರಶ್ನೆ: ಪೂರ್ತಿ ನೋಡಲೇಬೇಕಾ?

ನೋಡಿದರೆ ಒಳ್ಳೆಯದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಿಮ್ಮ ಸಂಬಳ ನಾನು ಕೊಡುವುದಿಲ್ಲವಲ್ಲ. ನಾನು ಮಾಡುವುದು ಹೀಗೆ: ಬಂದ ಪಟ್ಟಿಯನ್ನು ಮೊದಲ ದಿನವೇ ಮೂರು ಗುಂಪು ಮಾಡುತ್ತೇನೆ.

ಮೊದಲನೆಯದು, ನಾನು ಹಿಂದೆಯೇ ನೋಡಿರುವವು. ಇಲ್ಲೂ ನೆನಪನ್ನು ನಂಬುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ಹಾಕಿ ಹೆಸರು, ಊರು, ಸಂಬಂಧ ಖಚಿತ ಮಾಡಿಕೊಳ್ಳುತ್ತೇನೆ. ಚಿಕ್ಕಂದಿನಲ್ಲಿ ನೋಡಿದ ಸಿನಿಮಾ ತಲೆಯಲ್ಲಿ ಬೇರೆಯದೇ ಆಗಿರುತ್ತದೆ.

ಎರಡನೆಯದು, ನಡೆದ ದಾರಿಯಲ್ಲೇ ನಡೆಯುವ ಸಿನಿಮಾಗಳು. ಹೊಡೆದಾಟ, ಕಾಲೇಜು ಪ್ರೀತಿ, ಅತ್ತೆ-ಸೊಸೆ. ಮೊದಲ ಮುಕ್ಕಾಲು ಗಂಟೆ, ಇಂಟರ್ವಲ್ ಹಿಂದಿನ ಹತ್ತು ನಿಮಿಷ, ಕೊನೆಯ ಕಾಲು ಗಂಟೆ. ಕೊನೆಯನ್ನು ನೋಡುವುದು ಬರೆಯಲು ಅಲ್ಲ, ಬರೆಯದೇ ಇರಲು. ಏನನ್ನು ಮುಚ್ಚಿಡಬೇಕು ಎಂದು ಗೊತ್ತಿಲ್ಲದವರು ಅದನ್ನು ಗೊತ್ತಿಲ್ಲದೆಯೇ ಬಿಟ್ಟುಕೊಡುತ್ತಾರೆ. ಇದರಲ್ಲಿ ಅಪಾಯ ಇದೆ. ನಡುವೆ ಫ್ಲ್ಯಾಶ್‌ಬ್ಯಾಕ್ ಬಂದು ಖಳನಾಯಕನೇ ನಾಯಕನಾಗಿರಬಹುದು. ಮತ್ತೊಂದು, ಹಾಡು ಬಂತೆಂದು ಓಡಿಸಬೇಡಿ. ನಮ್ಮ ಸಿನಿಮಾಗಳಲ್ಲಿ ಒಂದೇ ಹಾಡಿನಲ್ಲಿ ಮದುವೆಯಾಗಿ, ಮಗು ಹುಟ್ಟಿ, ಆ ಮಗು ಓಡುತ್ತಾ ಓಡುತ್ತಾ ದೊಡ್ಡ ಹೀರೋ ಆಗಿಬಿಡುತ್ತದೆ.

ಮೂರನೆಯದು, ಪೂರ್ತಿ ನೋಡಲೇಬೇಕಾದವು. ಹಲವು ಎಳೆಗಳು ಹೆಣೆದುಕೊಂಡವು, ಮಾತು ಕಡಿಮೆ ಇರುವವು, ಜಾತಿ, ಅತ್ಯಾಚಾರ, ಆತ್ಮಹತ್ಯೆ ಇರುವವು. ನಲವತ್ತರಲ್ಲಿ ಇಂಥವು ಐದಾರು ಇರಬಹುದು. ಈ ಐದಾರಕ್ಕೆ ಬೇರೆ ದರ ಕೇಳಿ, ಇಲ್ಲವೇ ಮುಂದಿನ ವಾರಕ್ಕೆ ಹಾಕಿ ಎನ್ನಿ. ‘ಎಲ್ಲಾ ಸಿನಿಮಾ ನೋಡೋಕೆ ದುಡ್ಡು ಕೊಡಿ’ ಅಂದರೆ ಯಾರೂ ಕೊಡುವುದಿಲ್ಲ. ‘ಈ ಆರು ಸಿನಿಮಾದಲ್ಲಿ ತಪ್ಪಾದರೆ ದೂರು ಬರುತ್ತೆ’ ಎಂದು ಪಟ್ಟಿ ಕೊಟ್ಟರೆ ಕೆಲವರಾದರೂ ಒಪ್ಪುತ್ತಾರೆ. ಒಪ್ಪದಿರುವ ಸಾಧ್ಯತೆಯೂ ಇದೆ. ಕೆಲಸ ಕಡಿಮೆಯಾಗುವ ಅಪಾಯವೂ ಇದೆ. ಅದನ್ನು ನೀವೇ ತೂಗಿ ನೋಡಬೇಕು.

ಸಮಯವೇ ಇಲ್ಲದಿದ್ದರೆ ಸಬ್‌ಟೈಟಲ್ ಫೈಲ್ ಕೇಳಿ. ಇಡೀ ಸಿನಿಮಾದ ಮಾತನ್ನು ಅರ್ಧ ಗಂಟೆಯಲ್ಲಿ ಓದಬಹುದು. ನೆಟ್‌ನಲ್ಲಿ ಸಿಗುವ ಕಥಾಸಾರಕ್ಕಿಂತ ನೂರು ಪಾಲು ವಾಸಿ, ಯಾಕೆಂದರೆ ಅದು ಆ ಸಿನಿಮಾದ್ದೇ. ಆದರೆ ಮಾತಿಲ್ಲದೆ ನಡೆದದ್ದು ಅದರಲ್ಲಿ ಇರುವುದಿಲ್ಲ. ನನ್ನ ಚಿಕ್ಕಮ್ಮ ಎದ್ದು ಹೋದ ದೃಶ್ಯದಲ್ಲಿ ಒಂದೂ ಮಾತಿರಲಿಲ್ಲ.

ಎಐ ಬಗ್ಗೆ. ನಾನೂ ಬಳಸುತ್ತೇನೆ, ಮುಚ್ಚಿಡುವುದೇನಿಲ್ಲ. ಬರೆದದ್ದನ್ನು ಕೊಟ್ಟು ‘ಇದರಲ್ಲಿ ಎಲ್ಲಾದರೂ ಕೊನೆ ಗೊತ್ತಾಗುತ್ತದೆಯೇ?’ ಎಂದು ಕೇಳಲು, ಉದ್ದವಾದದ್ದನ್ನು ಮೊಟಕು ಮಾಡಲು ಅನುಕೂಲ. ‘ಈ ಸಿನಿಮಾದ ಕಥೆ ಏನು?’ ಎಂದು ಮಾತ್ರ ಕೇಳುವುದಿಲ್ಲ. ದೊಡ್ಡ ಹಿಂದಿ ಸಿನಿಮಾದ ಬಗ್ಗೆ ಜನ ಪುಟಗಟ್ಟಲೆ ಬರೆದಿರುತ್ತಾರೆ. ಎಂಬತ್ತರ ದಶಕದ ಒಂದು ಸಾಮಾನ್ಯ ಕನ್ನಡ ಸಿನಿಮಾದ ಬಗ್ಗೆ ನಟರ ಹೆಸರು, ಹಾಡಿನ ಪಟ್ಟಿ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಆ ಖಾಲಿ ಜಾಗವನ್ನು ಯಂತ್ರ ತುಂಬುತ್ತದೆ. ತಡವರಿಸುವುದೂ ಇಲ್ಲ, ಅದೇ ತೊಂದರೆ. ಗೊತ್ತಿಲ್ಲದ ಮನುಷ್ಯನಾದರೆ ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಾನೆ.

ಒಂದೇ ಹೆಸರಿನ ಸಿನಿಮಾಗಳಲ್ಲಿ ಇದು ಇನ್ನೂ ಗೋಜಲು, ಯಂತ್ರಕ್ಕೂ ಮನುಷ್ಯರಿಗೂ. ‘ನಾಗರಹಾವು’ ಎಂದರೆ ಯಾವುದು? 1972ರದ್ದು ಪುಟ್ಟಣ್ಣ ಕಣಗಾಲರದು, ಚಿತ್ರದುರ್ಗ, ರಾಮಾಚಾರಿ, ಚಾಮಯ್ಯ ಮೇಷ್ಟ್ರು. 2002ರದ್ದು ಉಪೇಂದ್ರ ನಟಿಸಿದ್ದು, ಹಿಂದಿ ಸಿನಿಮಾದ ರೀಮೇಕ್. 2016ರದ್ದು ಕೋಡಿ ರಾಮಕೃಷ್ಣ ಅವರದು, ಅದರಲ್ಲಿ ಗ್ರಾಫಿಕ್ಸ್‌ನಿಂದ ವಿಷ್ಣುವರ್ಧನ್ ಅವರನ್ನು ಮತ್ತೆ ತೆರೆಗೆ ತಂದಿದ್ದರು. ‘ವಿಷ್ಣುವರ್ಧನ್ ಅವರ ನಾಗರಹಾವು’ ಎಂದು ಹುಡುಕಿದರೂ ಎರಡು ಸಿಗುತ್ತವೆ! ಆದ್ದರಿಂದ ಕಡತದಲ್ಲಿ ಹೆಸರಿನ ಜೊತೆ ವರ್ಷ, ನಿರ್ದೇಶಕರು, ಮುಖ್ಯ ನಟರು ಮೂರನ್ನೂ ಬರೆದಿಟ್ಟುಕೊಳ್ಳಿ. ಸಿನಿಮಾಗಳಿಗೆ ಆಧಾರ್ ನಂಬರ್ ಇದ್ದ ಹಾಗೆ ಇಐಡಿಆರ್ ಎಂಬ ಗುರುತಿನ ಸಂಖ್ಯೆ 2010ರಿಂದ ಇದೆ. ನಿಮ್ಮ ಪಟ್ಟಿಯಲ್ಲಿ ಅದು ಇದ್ದರೆ ಬಿಡಬೇಡಿ. ಹಳೆಯ ಕನ್ನಡ ಸಿನಿಮಾಗಳಿಗೆಲ್ಲ ಇರುತ್ತದೆ ಎಂದು ನಂಬಿ ಕೂರಲೂಬೇಡಿ.

ನೆಟ್‌ನಿಂದ ಎತ್ತಿ ಹಾಕುವ ಬಗ್ಗೆ ಒಂದೇ ಮಾತು: ಆ ಸಾಲುಗಳು ಬೇರೆಯವರು ಬರೆದದ್ದು. ನಾಳೆ ಅವರು ಕೇಳಿದರೆ ಕಂಪನಿ ನಿಮ್ಮ ಕಡೆ ಕೈ ತೋರಿಸುತ್ತದೆ.

ಕೊನೆಗೆ, ಹೇಳಲು ಮುಜುಗರವಾಗುವ ವಿಷಯಗಳು. 2021ರ ಐಟಿ ನಿಯಮಗಳ ಪ್ರಕಾರ ಒಟಿಟಿಯವರು ಸಿನಿಮಾವನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಬೇಕು: ಯು, ಯು/ಎ 7+, ಯು/ಎ 13+, ಯು/ಎ 16+, ಎ. ಒಳಗೆ ಎಂಥ ದೃಶ್ಯ ಇದೆ ಎಂಬ ಸೂಚನೆಯನ್ನೂ ತೋರಿಸಬೇಕು. ಅದು ಬೇರೆಯವರ ಕೆಲಸ, ನಿಮ್ಮ ಎರಡು ಸಾಲಿಗೆ ಅದನ್ನು ತುಂಬಬೇಕಾಗಿಲ್ಲ. ಆದರೆ ನಿಮ್ಮ ಸಾಲು ಆ ಸೂಚನೆಗೆ ಉಲ್ಟಾ ಹೊಡೆಯಬಾರದು. ಮೇಲೆ ‘ಹಿಂಸೆ, ಆತ್ಮಹತ್ಯೆ’ ಎಂದಿದ್ದು ಕೆಳಗೆ ನೀವು ‘ಮನೆಮಂದಿಯ ನಗೆಹಬ್ಬ’ ಎಂದರೆ ಹೇಗೆ? ಏನಾಗುತ್ತದೆ ಎಂದು ನೋಡುಗರಿಗೆ ಮುಂಚೆಯೇ ಹೇಳಬೇಕಿಲ್ಲ. ಎಷ್ಟು ಭಾರ ಇದೆ ಎಂಬುದನ್ನು ಹೇಳಲೇಬೇಕು. ‘ನಗುನಗುತ್ತಾ ಶುರುವಾಗಿ ಭಾರವಾಗುವ ಸಂಸಾರದ ಕಥೆ’ ಅಂದಿದ್ದರೆ ಅಪ್ಪ ಆ ದಿನ ಬೇರೆ ಏನೋ ಹಾಕುತ್ತಿದ್ದರು.

ಹಳೆಯ ಸಿನಿಮಾಗಳಲ್ಲಿ ‘ಸೊಕ್ಕಿನ ಹೆಣ್ಣನ್ನು ದಾರಿಗೆ ತರುವ ಗಂಡು’ ತುಂಬಾ ಸಿಗುತ್ತದೆ. ಇದನ್ನು ತಿದ್ದಿ ಇವತ್ತಿನ ಸಿನಿಮಾ ಮಾಡಲು ಹೋಗಬೇಡಿ, ಅದು ಸುಳ್ಳಾಗುತ್ತದೆ. ಹಾಗೇ ಒಪ್ಪಿಕೊಂಡೂ ಬರೆಯಬೇಡಿ. ಅಭಿಪ್ರಾಯವನ್ನು ಪಾತ್ರದ ತಲೆಗೆ ಕಟ್ಟಿ: ‘ಶ್ರೀಮಂತರ ಮಗಳನ್ನು ಮದುವೆಯಾದ ಮೇಷ್ಟ್ರು, ಅವಳ ಸೊಕ್ಕು ಇಳಿಸುತ್ತೇನೆಂದು ಪಣ ತೊಡುತ್ತಾನೆ.’ ಸೊಕ್ಕು ಎಂದದ್ದು ಅವನು, ನೀವಲ್ಲ. ಹಾಗೆಯೇ, ಬೇಡ ಅಂದವಳ ಹಿಂದೆ ಬಿದ್ದು ಕಾಡುವುದನ್ನು ‘ನವಿರು ಪ್ರೇಮಕಥೆ’ ಎನ್ನಬೇಡಿ. ‘ಅವಳ ಹಿಂದೆ ಬೀಳುತ್ತಾನೆ’ ಅನ್ನಿ. ಜಾತಿ ಕಥೆಯ ತಿರುಳಾಗಿದ್ದರೆ ‘ಸಾಮಾಜಿಕ ಅಡೆತಡೆ’ ಎಂದು ಸುತ್ತಿಬಳಸಬೇಡಿ, ಜಾತಿ ಎಂದೇ ಬರೆಯಿರಿ. ಸಿನಿಮಾ ಹೆಸರಿಸದ ಜಾತಿಯನ್ನು ನೀವು ಊಹಿಸಿ ಹೆಸರಿಸಲೂಬೇಡಿ.

ಆಗಿಹೋದ ಎರಡು ಎಡವಟ್ಟುಗಳನ್ನು ಇವತ್ತೇ ಸರಿ ಮಾಡಿ. ಬರೀ ಹೊಸ ಸಾಲು ಕಳಿಸಿದರೆ ಅದು ಯಾರದೋ ಇನ್‌ಬಾಕ್ಸಿನಲ್ಲಿ ಬಿದ್ದಿರುತ್ತದೆ. ಸಿನಿಮಾದ ಹೆಸರು, ವರ್ಷ, ಈಗಿರುವ ಸಾಲು, ತಿದ್ದಿದ ಸಾಲು, ಸಿನಿಮಾದ ಎಷ್ಟನೇ ನಿಮಿಷದಲ್ಲಿ ‘ಅತ್ತೆ ಮಗಳು’ ಎಂಬ ಮಾತು ಬರುತ್ತದೆ, ಇಷ್ಟನ್ನೂ ಒಂದೇ ಮೇಲ್‌ನಲ್ಲಿ ಹಾಕಿ. ನಿಮಿಷ ಕೊಟ್ಟರೆ ಆ ಕಡೆಯವರು ಚರ್ಚೆಗೆ ಇಳಿಯುವುದಿಲ್ಲ, ನೋಡಿ ತಿದ್ದಿಬಿಡುತ್ತಾರೆ. ಹತ್ತು ದಿನ ಬಿಟ್ಟು ಆ್ಯಪ್ ತೆರೆದು ನೀವೇ ಪರೀಕ್ಷಿಸಿ, ಮೊಬೈಲಿನಲ್ಲಿ ಒಮ್ಮೆ, ಟಿವಿಯಲ್ಲಿ ಒಮ್ಮೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಹಳೆಯದೇ ಉಳಿದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.